ಕ್ರಾಸ್ ಬಿಚ್ಚಲು ಎಷ್ಟು ಟನ್ ಬೇಕು?

ಲಾರಿ ನಿಂತಲ್ಲಿಂದ ಹೊರಟಾಗ ಅಡಿಯಿಂದ 'ಟಣ್' ಎಂದು ಸದ್ದು. ಗೇರ್ ಬದಲಿಸಿದಾಗ ಮತ್ತೆ ಅದೇ. ವೇಗ ಅರವತ್ತು ದಾಟಿದರೆ ಸೀಟಿನ ಕೆಳಗೆ ನಡುಕ. ಹುಬ್ಬಳ್ಳಿಯ ದೊಡ್ಡ ಗ್ಯಾರೇಜಿರಲಿ, ಹೊಸಪೇಟೆಯ ರಸ್ತೆಬದಿಯ ಶೆಡ್ಡಿರಲಿ, ಮೆಕ್ಯಾನಿಕ್ ಗಾಡಿ ಕೆಳಗೆ ನುಗ್ಗಿ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, "ಕ್ರಾಸ್ ಹೋಗಿದೆ" ಎಂದು ತೀರ್ಪು ಕೊಡುತ್ತಾನೆ. ಹೊಸ ಕ್ರಾಸ್ ಅಂಗಡಿಯಲ್ಲಿ ಸಿಗುತ್ತದೆ. ಕಷ್ಟವಿರುವುದು ಹಳೆಯದನ್ನು, ಅದನ್ನು ಹಿಡಿದಿರುವ ಕವಲಿಗೆ, ಅಂದರೆ ಯೋಕ್‌ಗೆ, ಪೆಟ್ಟಾಗದಂತೆ ಹೊರತೆಗೆಯುವುದರಲ್ಲಿ.

ಯೂನಿವರ್ಸಲ್ ಜಾಯಿಂಟ್‌ನ ನಡುವೆ ಕೂತ, ಕೂಡುವ ಚಿಹ್ನೆಯ ಆಕಾರದ ಉಕ್ಕಿನ ತುಂಡೇ ಈ ಕ್ರಾಸ್. ಅದಕ್ಕೆ ನಾಲ್ಕು ತೋಳು, ಪ್ರತಿ ತೋಳಿನ ತುದಿಗೊಂದು ಕಪ್, ಕಪ್‌ನ ಒಳಗೋಡೆಗುಂಟ ಸೂಜಿಯಂಥ ಸಣ್ಣ ರೋಲರ್‌ಗಳು. ಎದುರುಬದುರಿನ ಎರಡು ಕಪ್ ಶಾಫ್ಟಿನ ಯೋಕ್‌ನ ಎರಡು ಕಿವಿಗಳಲ್ಲಿ ಬಿಗಿಯಾಗಿ ಕೂರುತ್ತವೆ, ಉಳಿದೆರಡು ಆಚೆ ಬದಿಯ ಯೋಕ್‌ನಲ್ಲಿ. ಗೇರ್‌ಬಾಕ್ಸ್ ಚಾಸಿಗೆ ಬಿಗಿದುಕೊಂಡಿದ್ದರೆ ಹಿಂದಿನ ಆಕ್ಸಲ್ ಗುಂಡಿ ಸಿಕ್ಕಾಗಲೆಲ್ಲ ಮೇಲೆ ಕೆಳಗೆ ಕುಣಿಯುತ್ತದೆ. ಈ ಎರಡರ ನಡುವಿನ ಕೋನ ಬದಲಾಗುತ್ತಲೇ ಇರುವಾಗಲೂ ತಿರುಗುಬಲ ದಾಟಿಸುವುದು ಕ್ರಾಸ್‌ನ ಕೆಲಸ.

ಈ ಕೀಲು ಮೋಟಾರಿಗಿಂತ ಬಹಳ ಹಳೆಯದು. ಯುರೋಪಿನಲ್ಲಿ ಇದಕ್ಕೆ 16ನೇ ಶತಮಾನದ ಇಟಲಿಯ ಜಿರೊಲಾಮೊ ಕಾರ್ಡಾನೊನ ಹೆಸರು ಅಂಟಿಕೊಂಡಿದೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಇದರ ವಿವರಣೆ ಪ್ರಕಟಿಸಿದ. ಮೋಟಾರು ಗಾಡಿಗೆ ಅದನ್ನು ಒಗ್ಗಿಸಿದವನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕ್ಲಾರೆನ್ಸ್ ಸ್ಪೈಸರ್. ಆಗಿನ ಎಷ್ಟೋ ಗಾಡಿಗಳ ಚಕ್ರ ಚೈನಿನಿಂದ ತಿರುಗುತ್ತಿತ್ತು. ಸ್ಪೈಸರ್ 1903ರಲ್ಲಿ ಪೇಟೆಂಟ್ ಪಡೆದು ಮರುವರ್ಷ ನ್ಯೂಜೆರ್ಸಿಯಲ್ಲಿ ತಯಾರಿಕೆ ಆರಂಭಿಸಿದ. ಟ್ರಕ್ ಬಿಡಿಭಾಗಗಳ ಡಬ್ಬಿಯ ಮೇಲೆ ಆ ಹೆಸರು ಈಗಲೂ ಕಾಣುತ್ತದೆ.

ಕ್ರಾಸ್ ಎಷ್ಟು ಭಾರ ಹೊರುತ್ತದೆ? ಎಂಜಿನ್ 800 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತದೆ, ಮೊದಲ ಗೇರ್ ಅದನ್ನು ಒಂಬತ್ತು ಪಟ್ಟು ಹಿಗ್ಗಿಸುತ್ತದೆ ಎಂದುಕೊಳ್ಳಿ. ಶಾಫ್ಟಿಗೆ ಬರುವುದು 7,200. ಎದುರುಬದುರಿನ ಕಪ್‌ಗಳ ನಡುವೆ 13 ಸೆಂಟಿಮೀಟರ್ ಅಂತರವಿದ್ದರೆ ಒಂದೊಂದು ಕಪ್‌ನ ಮೇಲೂ ಐದೂವರೆ ಟನ್ ಬೀಳುತ್ತದೆ. ಆ ಹೊರೆಯನ್ನು ಯೋಕ್‌ನ ಕಿವಿ ಸಲೀಸಾಗಿ ತಾಳುತ್ತದೆ, ಏಕೆಂದರೆ ಅದನ್ನು ರೂಪಿಸಿದ್ದೇ ತಿರುಗುವ ದಿಕ್ಕಿನ ಬಲಕ್ಕಾಗಿ. ಒಂದು ಕಿವಿಯನ್ನು ಇನ್ನೊಂದರತ್ತ ಒತ್ತುವ ಬಲದ ಕತೆಯೇ ಬೇರೆ. ಆ ದಿಕ್ಕಿನಲ್ಲಿ ಕಿವಿಯೆಂದರೆ ಬುಡವೊಂದೇ ಗಟ್ಟಿಯಿದ್ದು ತುದಿಗೆ ಆಸರೆಯಿಲ್ಲದ ಚಾಚು. ಕಪ್ ಕಳಚುವಾಗ ಬೀಳುವ ಬಲ ಇದೇ ದಿಕ್ಕಿನದು.

ಕಪ್ ಸುಲಭಕ್ಕೆ ಜರುಗದಿರಲು ಮುಖ್ಯ ಕಾರಣ ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಕಪ್‌ಗೂ ಕಿವಿಯ ರಂಧ್ರಕ್ಕೂ ನಡುವೆ ಕೂದಲೆಳೆಯಷ್ಟೂ ಸಂದಿಲ್ಲ. ಅಲ್ಲಿ ಹುಟ್ಟಿದ ತುಕ್ಕು ಬೆಣೆಯಾಗಿ ಎರಡನ್ನೂ ಕಚ್ಚಿ ಹಿಡಿಯುತ್ತದೆ. ಹಾಗಾಗಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ನೆನೆಯಲು ಬಿಡುವುದು ಸೋಮಾರಿತನದ ಲಕ್ಷಣವೇನಲ್ಲ.

ಸುತ್ತಿಗೆಯಿಂದ ಆಗುವುದಿಲ್ಲವೇ? ಆಗುತ್ತದೆ, ದಿನವೂ ಆಗುತ್ತಲೇ ಇದೆ. ನುರಿತ ಕೈ, ಅಳತೆಗೆ ಒಪ್ಪುವ ಸಾಕೆಟ್, ಗಟ್ಟಿ ವೈಸ್ ಇದ್ದರೆ ಸಣ್ಣ ಗಾಡಿಗೆ ಧಾರಾಳವಾಯಿತು. ಆದರೆ ಸುತ್ತಿಗೆಯ ಪೆಟ್ಟು ಕ್ಷಣಮಾತ್ರದ್ದು, ಆ ಕ್ಷಣದಲ್ಲಿ ಬಲ ಎಷ್ಟಕ್ಕೇರಿತು ಎಂದು ಹೊಡೆದವನಿಗೂ ಗೊತ್ತಾಗುವುದಿಲ್ಲ. ಕಪ್ ಜರುಗದಿದ್ದರೆ ಆ ಪೆಟ್ಟು ಕಿವಿಗೆ, ಶಾಫ್ಟಿಗೆ, ಗಾಡಿಯ ಮೇಲೆಯೇ ಹೊಡೆಯುತ್ತಿದ್ದರೆ ಗೇರ್‌ಬಾಕ್ಸಿನ ಬೇರಿಂಗಿಗೂ ಹೋಗುತ್ತದೆ. ಸ್ಕ್ರೂ ತಿರುಗಿಸಿ ಕಪ್ಪನ್ನು ಒತ್ತುವ ಪ್ರೆಸ್ ಟೂಲ್ ಹಾಗಲ್ಲ, ಬಲವನ್ನು ನಿಧಾನ ಏರಿಸುತ್ತದೆ. ಕಪ್ ಜರುಗಿದ ಕ್ಷಣ ಸ್ಪ್ಯಾನರ್ ಹಿಡಿದ ಕೈಗೆ ಗೊತ್ತಾಗುತ್ತದೆ, ಅಲ್ಲಿಗೆ ನಿಲ್ಲಿಸಬಹುದು.

ಸ್ಕ್ರೂ ಪ್ರೆಸ್ಸಿನ ಶಕ್ತಿ ಅದರ ಥ್ರೆಡ್‌ನಲ್ಲಿದೆ. ಅರ್ಧ ಮೀಟರಿನ ಸ್ಪ್ಯಾನರ್ ತುದಿಯನ್ನು 20 ಕಿಲೋ ಭಾರದಷ್ಟು ಒತ್ತಿದರೆ 100 ನ್ಯೂಟನ್-ಮೀಟರ್. ಒಂದು ಸುತ್ತಿನಲ್ಲಿ 3 ಮಿಲಿಮೀಟರ್ ಮುಂದೆ ಹೋಗುವ ಸ್ಕ್ರೂನಲ್ಲಿ, ಘರ್ಷಣೆಯೇ ಇಲ್ಲದಿದ್ದರೆ ಇದರಿಂದ 21 ಟನ್ ಬಲ ಹುಟ್ಟಬೇಕು. ನಿಜದಲ್ಲಿ ಅದರ ಬಹುಪಾಲನ್ನು ಘರ್ಷಣೆ ತಿಂದುಹಾಕುತ್ತದೆ. 24 ಮಿಲಿಮೀಟರಿನ ಒಣ ಸ್ಕ್ರೂನಿಂದ ಕೈಗೆ ಸಿಗುವುದು ಸುಮಾರು ಎರಡು ಟನ್, ಒಳ್ಳೆಯ ಗ್ರೀಸ್ ಸವರಿದ್ದರೆ ಮೂರೂವರೆಯ ತನಕ. ಟೂಲ್ ಕೊಳ್ಳಲು ಸಾವಿರಾರು ರೂಪಾಯಿ ಸುರಿದು, ಥ್ರೆಡ್‌ಗೆ ಚಿಟಿಕೆ ಗ್ರೀಸ್ ಹಾಕಲು ಜಿಪುಣತನ ತೋರುವವರು ಬೇಕಾದಷ್ಟು ಜನ. ಇಂಪ್ಯಾಕ್ಟ್ ಗನ್ ಹಾಕುವ ಆತುರದವರಂತೂ, ಸ್ಕ್ರೂ ಅದಕ್ಕೆಂದೇ ಮಾಡಿದ್ದೋ ಅಲ್ಲವೋ ಎಂದು ಮೊದಲು ನೋಡಬೇಕು.

ಕೊಳ್ಳುವವರೆಲ್ಲ ಕೇಳುವುದು "ಎಷ್ಟು ಟನ್?" ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಒತ್ತಿದ ಬಲ ಎಲ್ಲಿ ಆನಿಕೊಳ್ಳುತ್ತದೆ ಎಂಬುದು. ಒಂದು ಕಡೆ ಒತ್ತಿದಷ್ಟೇ ಬಲ ಇನ್ನೊಂದು ಕಡೆ ಆಸರೆ ಹುಡುಕುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಗ್ಯಾರೇಜಿನಲ್ಲೂ ರಿಯಾಯಿತಿ ಇಲ್ಲ. ಸಿ ಆಕಾರದ ಪ್ರೆಸ್ಸನ್ನೇ ನೋಡಿ. ಸ್ಕ್ರೂ ಮೇಲಿನ ಕಪ್ ಒತ್ತುತ್ತದೆ, ಕಪ್ ಕ್ರಾಸನ್ನು ತಳ್ಳುತ್ತದೆ, ಕ್ರಾಸ್ ಕೆಳಗಿನ ಕಪ್ಪನ್ನು ಹೊರಗೆ ನೂಕುತ್ತದೆ. ಹೊರಬರುವ ಕಪ್ ಸೇರಲು ಕೆಳಗೊಂದು ಕೊಳವೆ ಇರಬೇಕು, ಅದರ ಅಂಚು ಕೆಳಗಿನ ಕಿವಿಯ ಮೈಮೇಲೆ ಸುತ್ತಲೂ ಸಮನಾಗಿ ಕೂರಬೇಕು. ಆಗ ಕೆಳಗಿನ ಕಪ್ ಬಿಡಿಸುವ ಬಲ ಅದೇ ಕಿವಿಯಲ್ಲಿ ಹುಟ್ಟಿ ಅಲ್ಲಿಯೇ ತೀರುತ್ತದೆ. ಆದರೂ ಮೇಲಿನ ಕಪ್ ತನ್ನ ರಂಧ್ರದಲ್ಲಿ ಒಳಸರಿಯುವಾಗ ಉಜ್ಜುವ ಬಲ ಮೇಲಿನ ಕಿವಿಯನ್ನು ಒಳಕ್ಕೆ ಜಗ್ಗುತ್ತಲೇ ಇರುತ್ತದೆ. ತುಕ್ಕು ಜೋರಾಗಿದ್ದಷ್ಟೂ ಜಗ್ಗಾಟ ಜೋರು. ಇನ್ನು ಕೊಳವೆಯನ್ನು ಓರೆಯಾಗಿ ಇಟ್ಟರಂತೂ ಕಪ್ ರಂಧ್ರದಲ್ಲಿ ವಾರೆಯಾಗಿ ಸಿಕ್ಕಿಕೊಂಡು ಒಳಗೋಡೆಯನ್ನು ಕೆರೆಯುತ್ತದೆ.

ಎದುರಿನ ಕಿವಿಯ ಈ ಜಗ್ಗಾಟ ತಪ್ಪಿಸಲು ಭಾರಿ ಟ್ರಕ್‌ಗಳಿಗೆ ಎಳೆಯುವ ಬಗೆಯ ಪುಲ್ಲರ್‌ಗಳಿವೆ. ಸೇತುವೆಯಂಥ ಚೌಕಟ್ಟು ಒಂದು ಕಿವಿಯ ಮೇಲೆ ಕಾಲೂರಿ ಅದೇ ಕಿವಿಯ ಕಪ್ಪನ್ನು ಹೊರಕ್ಕೆ ಎಳೆದರೆ, ಎದುರಿನ ಕಿವಿಗೆ ಬಲದ ಸೋಂಕೇ ಇಲ್ಲ. ದಿನಕ್ಕೊಂದು ಲಾರಿಯ ಕ್ರಾಸ್ ಬದಲಿಸುವ ಗ್ಯಾರೇಜಿಗೆ ಇದಕ್ಕಿಂತ ಒಳ್ಳೆಯ ಹೂಡಿಕೆ ಕಾಣದು. ವರ್ಷಕ್ಕೊಮ್ಮೆ ಈ ಕೆಲಸ ಮಾಡುವವರಿಗೆ ಅಷ್ಟು ಖರ್ಚು ದಂಡ.

ಅಳತೆಯಲ್ಲಿ ಎಡವುವವರೇ ಹೆಚ್ಚು. ಸ್ಪೈಸರ್ ಶ್ರೇಣಿಯಲ್ಲಿ ಸಣ್ಣ ಗಾಡಿಗಳ 1310 ಕ್ರಾಸ್‌ನ ಕಪ್ 27 ಮಿಲಿಮೀಟರ್ ವ್ಯಾಸದ್ದು, ಒಟ್ಟು ಅಗಲ 82. ಭಾರಿ ಟ್ರಕ್‌ಗಳ 1710, 1760, 1810 ಮೂರರ ಕಪ್ಪೂ ಒಂದೇ ಅಳತೆ, 49 ಮಿಲಿಮೀಟರ್. ಅಗಲ ಮಾತ್ರ ಕ್ರಮವಾಗಿ ಸುಮಾರು 155, 178, 192. ಕಪ್‌ನ ವ್ಯಾಸವೊಂದನ್ನೇ ನೋಡಿ ಟೂಲ್ ತಂದವನು ಅರ್ಧ ದಾರಿಯಲ್ಲಿ ನಿಲ್ಲುತ್ತಾನೆ. ಅಗಲದ ಮೇಲೆ ಕಪ್ ಹೊರಬರಲೂ ಮೂರು-ನಾಲ್ಕು ಸೆಂಟಿಮೀಟರ್ ಜಾಗ ಬೇಡವೇ? ಕಾರಿನ ಬಾಲ್ ಜಾಯಿಂಟ್‌ಗೆಂದು ಮಾರುವ ಸಿ-ಪ್ರೆಸ್ಸಿನ ಬಾಯಿಗೆ ಇಂಥ ಕ್ರಾಸ್ ಹಿಡಿಸುವುದೇ ಇಲ್ಲ. ಬಾಯಿ ದೊಡ್ಡದು ಮಾಡಿದರಾಯಿತು ಎನ್ನುವಂತೆಯೂ ಇಲ್ಲ. ಸಿ ಚೌಕಟ್ಟು ಬಲ ಬಿದ್ದಾಗ ಅಗಲಿಸಿಕೊಳ್ಳಲು ನೋಡುತ್ತದೆ, ಬೆನ್ನು ಸ್ಕ್ರೂನಿಂದ ದೂರ ಹೋದಷ್ಟೂ ಅದನ್ನು ಬಗ್ಗಿಸುವ ಬಲ ಹೆಚ್ಚುತ್ತದೆ. ಆದ್ದರಿಂದ ದೊಡ್ಡ ಬಾಯಿಯ ಪ್ರೆಸ್ ಹೆಸರಿಗೆ ಅಷ್ಟೇ ಟನ್ನಿನದಾದರೂ ಎತ್ತುವಾಗ ತೋಳು ಸೋಲುವಷ್ಟು ಭಾರವಿರುತ್ತದೆ. ತೂಕ ಕಡಿಮೆ, ಬಾಯಿ ದೊಡ್ಡದು, ಬೆಲೆಯೂ ಅಗ್ಗ ಎಂದರೆ ಅನುಮಾನಪಡಬೇಕು.

ಗ್ಯಾರೇಜಿನ ಮೂಲೆಯಲ್ಲಿ ನಿಂತಿರುವ 20 ಟನ್ನಿನ ಹೈಡ್ರಾಲಿಕ್ ಪ್ರೆಸ್ಸಿಗೆ ಈ ಬಾಗುವ ಕಾಟವಿಲ್ಲ, ಅದರ ಎರಡೂ ಕಂಬಗಳಲ್ಲಿ ಎಳೆತ ಸಮನಾಗಿ ಹಂಚಿಹೋಗುತ್ತದೆ. ಸಣ್ಣ ಪಿಸ್ಟನ್ನಿನ ಒತ್ತಡವನ್ನು ದೊಡ್ಡ ಪಿಸ್ಟನ್ನಿನಲ್ಲಿ ಬಲವಾಗಿಸುವ ಈ ಉಪಾಯಕ್ಕೆ ಜೋಸೆಫ್ ಬ್ರಾಮಾ 1795ರಲ್ಲೇ ಪೇಟೆಂಟ್ ಪಡೆದಿದ್ದ. ತೊಡಕೆಂದರೆ ಶಾಫ್ಟನ್ನು ಪೂರ್ತಿ ಇಳಿಸಿ ಅಲ್ಲಿಗೆ ಹೊತ್ತೊಯ್ಯಬೇಕು, ಉದ್ದನೆಯ ಶಾಫ್ಟಿನ ಇನ್ನೊಂದು ತುದಿಗೂ ಸಮ ಎತ್ತರದ ಆಸರೆ ಕೊಡಬೇಕು. ಅದಕ್ಕಿಂತ ದೊಡ್ಡ ಅಪಾಯ 20 ಟನ್ನೇ. ಹ್ಯಾಂಡಲ್ ಹೊಡೆಯುವ ಕೈಗೆ ಬಲದ ಅಂದಾಜೇ ಹತ್ತುವುದಿಲ್ಲ. ಕಪ್ ಹೊರಜಾರದಂತೆ ತಡೆಯುವ, ಲಾಕ್ ಎಂದು ಕರೆಯುವ ಸರ್ಕ್ಲಿಪ್‌ನ ಮುರಿದ ಚೂರು ಕಿವಿಯೊಳಗಿನ ಗೆರೆಯಲ್ಲೇ ಉಳಿದಿದ್ದರೂ ಪ್ರೆಸ್ ಅದನ್ನು ಲೆಕ್ಕಿಸದೆ ಒತ್ತುತ್ತದೆ. ಪ್ರೆಸ್ಸಿಗೆ ಏರಿಸುವ ಮೊದಲು ಆ ಗೆರೆಯನ್ನು ಚೊಕ್ಕಟ ಮಾಡಿ ನೋಡಬೇಕು. ಬಿಗಿದ ಕಪ್ ಒಮ್ಮೆಲೇ ಬಿಟ್ಟಾಗ ಚೂರು ಸಿಡಿಯುವುದುಂಟು, ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಕೆಲವರು ಗ್ಯಾಸ್ ಕಟರ್ ಹಿಡಿದು ಕಿವಿ ಕಾಯಿಸುತ್ತಾರೆ. ಲೆಕ್ಕ ಹಾಕಿದರೆ 49 ಮಿಲಿಮೀಟರಿನ ಉಕ್ಕಿನ ರಂಧ್ರ 100 ಡಿಗ್ರಿ ಬಿಸಿಗೆ ಹಿಗ್ಗುವುದು 0.06 ಮಿಲಿಮೀಟರ್ ಮಾತ್ರ. ಬಿಸಿ ಕಪ್‌ಗೂ ಹಬ್ಬಿದರೆ ಆ ಲಾಭವೂ ಇಲ್ಲ. ಕೆಂಪಗಾಗುವಷ್ಟು ಕಾಯಿಸಿದರೆ ಯೋಕ್‌ನ ಉಕ್ಕಿನ ಹದವೇ ಕೆಡುತ್ತದೆ. ಹೊಸ ಕಪ್ ಕೂರಿಸುವಾಗ ಅದನ್ನು ಫ್ರೀಜರಿನಲ್ಲಿಟ್ಟು ತಣಿಸುವುದು ಇದಕ್ಕಿಂತ ವಾಸಿ, ಏನೂ ಕೆಡುವುದಿಲ್ಲ.

ಟೂಲ್ ಎಷ್ಟೇ ಒಳ್ಳೆಯದಿದ್ದರೂ ಕೂರಿಸುವ ಹಂತದಲ್ಲಿ ಒಂದು ಸೂಜಿ ಎಲ್ಲವನ್ನೂ ಕೆಡಿಸಬಲ್ಲದು. ಕಪ್‌ನ ಗೋಡೆಗೆ ಗ್ರೀಸಿನ ಅಂಟಿನಲ್ಲಿ ನಿಂತ ರೋಲರ್‌ಗಳಲ್ಲಿ ಒಂದು ಜಾರಿ ತಳದಲ್ಲಿ ಅಡ್ಡ ಬಿದ್ದರೆ ಕಪ್ ಅಷ್ಟರಮಟ್ಟಿಗೆ ಹೊರಗೇ ನಿಲ್ಲುತ್ತದೆ. ಲಾಕ್ ಕೂರುವುದಿಲ್ಲ. "ಇನ್ನೊಂದು ಸುತ್ತು ಬಿಗಿ" ಎಂದು ಒತ್ತಿದರೆ ಸೂಜಿ ಪುಡಿಯಾಗುತ್ತದೆ, ಇಲ್ಲವೇ ಕಿವಿ ಬಾಗುತ್ತದೆ. ಅದನ್ನು ತಪ್ಪಿಸಲು ಕ್ರಾಸ್‌ನ ತೋಳನ್ನು ಕಪ್‌ನೊಳಗೆ ಅರ್ಧ ತೂರಿಸಿಟ್ಟುಕೊಂಡೇ ಒತ್ತುತ್ತಾರೆ, ಆಗ ರೋಲರ್‌ಗಳಿಗೆ ಬೀಳಲು ಜಾಗವಿರುವುದಿಲ್ಲ. ಎರಡೂ ಲಾಕ್ ಕೂತ ಮೇಲೆ ಕ್ರಾಸ್ ಕೈಯಲ್ಲಿ ತಿರುಗಬೇಕು. ಬಿಗಿ ಅನ್ನಿಸಿದರೆ ಕಿವಿಗೆ ಸುತ್ತಿಗೆಯಿಂದ ಮೆಲ್ಲಗೆ ಒಂದೆರಡು ತಟ್ಟು. ಒತ್ತಿದಾಗ ತುಸು ಒಳಗೆ ಬಾಗಿದ್ದ ಕಿವಿ ಹಿಂದಕ್ಕೆ ಬಂದು ಕಪ್‌ಗಳು ಲಾಕಿಗೆ ಆನಿಕೊಳ್ಳುತ್ತವೆ. ಇಷ್ಟರ ಮಟ್ಟಿಗೆ ಸುತ್ತಿಗೆಗೂ ಇಲ್ಲಿ ಕೆಲಸವಿದೆ.

ಶಾಫ್ಟನ್ನು ಮತ್ತೆ ಏರಿಸುವಾಗ, ಬಿಚ್ಚುವ ಮೊದಲು ಪಂಚಿನಿಂದ ಹೊಡೆದಿಟ್ಟ ಗುರುತು ಸೇರಿಸಿಯೇ ಕೂಡಿಸಬೇಕು. ಒಂಟಿ ಕ್ರಾಸ್ ಬಾಗಿದ ಕೋನದಲ್ಲಿ ಒಂದೇ ವೇಗದಲ್ಲಿ ತಿರುಗುವುದಿಲ್ಲ. 10 ಡಿಗ್ರಿಯಲ್ಲಿ ಪ್ರತಿ ಸುತ್ತಿನಲ್ಲೂ ಎರಡು ಬಾರಿ ವೇಗ ಶೇ 1.5ರಷ್ಟು ಏರಿ ಇಳಿಯುತ್ತದೆ, 30 ಡಿಗ್ರಿಯಾದರೆ ಏರಿಕೆ ಶೇ 15. ಶಾಫ್ಟಿನ ಎರಡು ತುದಿಯ ಯೋಕ್‌ಗಳು ಸಾಲಿನಲ್ಲಿದ್ದು ಎರಡೂ ಕಡೆಯ ಕೋನ ಸಮವಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಶಾಫ್ಟಿನ ಎರಡು ತುಂಡು ಒಂದರೊಳಗೊಂದು ಜಾರುವ ಸ್ಲಿಪ್ ಜಾಯಿಂಟ್‌ನಲ್ಲಿ ಒಂದು ಹಲ್ಲು ಆಚೀಚೆಯಾದರೂ ಹೊಸ ಕ್ರಾಸ್ ಹಾಕಿದ ಲಾರಿಯಲ್ಲಿ ನಡುಕ ಮೊದಲಿಗಿಂತ ಹೆಚ್ಚಾಗಿ ಕಾಣಿಸುತ್ತದೆ. ಕೊನೆಗೆ ನಿಪ್ಪಲ್‌ಗೆ ಗ್ರೀಸ್ ಗನ್ ಹಿಡಿದು, ನಾಲ್ಕೂ ಕಪ್‌ಗಳ ಸೀಲಿನಿಂದ ಹೊಸ ಗ್ರೀಸ್ ಇಣುಕುವ ತನಕ ಒತ್ತಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಶಾಫ್ಟನ್ನು ಆ ಕಡೆ ಈ ಕಡೆ ಒತ್ತಿ ಅಲ್ಲಾಡಿಸಿ ಮತ್ತೆ ಪಂಪ್ ಮಾಡುತ್ತಾರೆ, ಆಗಲೂ ಬರದಿದ್ದರೆ ಆ ಕಪ್ಪನ್ನು ಬಿಚ್ಚಿ ನೋಡುತ್ತಾರೆ.