ಮತ್ತೆ ಮತ್ತೆ ಕೆಡುವ ಕಾರು

ಉಡುಪಿಯ ಬಳಿ, ರಾಷ್ಟ್ರೀಯ ಹೆದ್ದಾರಿ 66ರ ಮೇಲಿರುವ ಸಂತೆಕಟ್ಟೆಯ ಗೃಹಸ್ಥನಿಗೆ ಕಾರು ಇಂದು ಬರಿಯ ಭೋಗವಸ್ತುವಲ್ಲ. ಮಳೆಗಾಲದ ರಾತ್ರಿ ರೋಗಿಯನ್ನು ಮಣಿಪಾಲದ ಆಸ್ಪತ್ರೆಗೆ ಮುಟ್ಟಿಸುವ ಸಾಧನವೂ ಅದೇ. ಅಂತಹ ಕಾರು ಹೊಸದಾಗಿರುವಾಗಲೇ ಪುನಃ ಪುನಃ ಕೆಟ್ಟು, ಮಾರಾಟಗಾರನು ಪ್ರತಿಸಲವೂ “ಸರಿಯಾಯಿತು” ಎಂದು ಹಿಂದಕ್ಕೆ ಕಳುಹಿಸಿದರೆ, ಕೊಟ್ಟವ ಕೋಡಂಗಿ, ಇಸಕೊಂಡವ ವೀರಭದ್ರ ಎಂಬ ಗಾದೆಯೇ ಸತ್ಯವಾಗುವುದು. ಇದಕ್ಕೆ ಪರಿಹಾರವಿಲ್ಲದಿಲ್ಲ.

ಬಾಯಿಮಾತಿನ ದೂರಿಗೆ ಸಾಕ್ಷಿಯಿಲ್ಲ. ಕಾರನ್ನು ಒಪ್ಪಿಸುವಾಗ ದೋಷವನ್ನೂ, ಓಡಿದ ಕಿಲೋಮೀಟರುಗಳನ್ನೂ, ದಿನಾಂಕವನ್ನೂ ಜಾಬ್‌ಕಾರ್ಡಿನಲ್ಲಿ ಬರೆಯಿಸಿ ಪ್ರತಿಯನ್ನು ಪಡೆಯತಕ್ಕದ್ದು. ಹಣವಿಲ್ಲದ ದುರಸ್ತಿಗೂ ಬಿಲ್ಲನ್ನು ಕೇಳಬೇಕು. ಒಂದೇ ದೋಷವು ನಾಲ್ಕು ಸಲ ದಾಖಲಾದರೆ ಆ ನಾಲ್ಕು ಹಾಳೆಗಳೇ ನಿಮ್ಮ ವಕೀಲರು.

ವಾರಂಟಿ ಪತ್ರವನ್ನೂ ಓದಿರಬೇಕು. ಅದು ಸಾಮಾನ್ಯವಾಗಿ ಕೆಟ್ಟ ಭಾಗವನ್ನು ಸರಿಪಡಿಸುವ ಇಲ್ಲವೆ ಬದಲಿಸುವ ವಾಗ್ದಾನ. ಹೊಸ ಕಾರನ್ನೇ ಕೊಡುವ ವಾಗ್ದಾನವಲ್ಲ. ಮಾರುತಿ ಕಂಪೆನಿಯ ಮೊಕದ್ದಮೆಯೊಂದರಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಹೀಗೆಯೇ ತೀರ್ಮಾನಿಸಿತು. ಆದುದರಿಂದ ದುರಸ್ತಿಯನ್ನೂ, ಆದ ನಷ್ಟವನ್ನೂ ಸ್ಪಷ್ಟವಾಗಿ ಕೇಳುವುದು ಜಾಣತನ.

ಲಿಖಿತ ನೋಟೀಸಿಗೂ ಮಾರಾಟಗಾರನು ಕದಲದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ವ್ಯಾಜ್ಯಕಾರಣವು ಹುಟ್ಟಿದ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಕಾರನ್ನು ಮಾರಿದ ಅಂಗಡಿ ಪರವೂರಿನಲ್ಲಿದ್ದರೂ ಸಂತೆಕಟ್ಟೆಯವರು ಉಡುಪಿಯಲ್ಲಿಯೇ ನ್ಯಾಯ ಕೇಳಬಹುದು. “ಇನ್ನೊಮ್ಮೆ ನೋಡೋಣ” ಎಂಬ ಮಾತನ್ನು ನಂಬಿ ಆ ಎರಡು ವರ್ಷಗಳನ್ನು ಮಾತ್ರ ಕಳೆದುಕೊಳ್ಳಬಾರದು.