ಅಲ್ಲಿ ಗಡಿಯಾರ ತಿರುಗಿದರೆ ಇಲ್ಲಿ ಊಟ ತಡ

ನವೆಂಬರ್ ತಿಂಗಳ ಮೊದಲ ಭಾನುವಾರ ಕಳೆದು ಸೋಮವಾರ ಬೆಳಗಾದಾಗ ಜೆ.ಪಿ. ನಗರದಲ್ಲಿ ಏನೂ ಬದಲಾಗಿರುವುದಿಲ್ಲ. ಹಾಲು ಅದೇ ಹೊತ್ತಿಗೆ ಬರುತ್ತದೆ, ಸ್ಕೂಲ್ ವ್ಯಾನೂ ಅದೇ ಹೊತ್ತಿಗೆ. ವ್ಯತ್ಯಾಸ ಗೊತ್ತಾಗುವುದು ಸಂಜೆ. ಹಿಂದಿನ ವಾರ ಆರೂವರೆಗೆ ಇದ್ದ ನ್ಯೂಯಾರ್ಕ್ ಮೀಟಿಂಗ್ ಈಗ ಏಳೂವರೆಗೆ. ಕ್ಯಾಲಿಫೋರ್ನಿಯಾದವರ ಜೊತೆ ರಾತ್ರಿ ಒಂಬತ್ತೂವರೆಗೆ ಕೂರುತ್ತಿದ್ದವರು ಹತ್ತೂವರೆಗೆ ಕೂರಬೇಕು. ಬನ್ನೇರುಘಟ್ಟ ರಸ್ತೆಯ ಕಚೇರಿಗಳಲ್ಲಿ ಕ್ಯಾಬ್ ಹೊರಡುವ ಹೊತ್ತು ಬದಲಾಗುತ್ತದೆ. ಬಿಟಿಎಂ ಲೇಔಟಿನ ಪಿಜಿಗಳಲ್ಲಿ ರಾತ್ರಿಯೂಟಕ್ಕೆ ತಡವಾಗಿ ಬರುವವರು ಹೆಚ್ಚುತ್ತಾರೆ. ಮಾರ್ಚ್ ಎರಡನೇ ವಾರ ಬಂತೆಂದರೆ ಎಲ್ಲವೂ ಮತ್ತೆ ಒಂದು ಗಂಟೆ ಮುಂಚೆ.

ಭಾರತದ ಗಡಿಯಾರವನ್ನು ಯಾರೂ ಮುಟ್ಟಿಲ್ಲ. ತಿರುಗಿದ್ದು ಅಮೆರಿಕದ ಮುಳ್ಳು. 2007ರಿಂದ ಅಲ್ಲಿ ಜಾರಿಯಲ್ಲಿರುವ ನಿಯಮದಂತೆ ಮಾರ್ಚ್ ಎರಡನೇ ಭಾನುವಾರ ನಸುಕಿನ ಎರಡು ಗಂಟೆಗೆ ಗಡಿಯಾರ ಮೂರಕ್ಕೆ ಜಿಗಿಯುತ್ತದೆ. ನವೆಂಬರ್ ಮೊದಲ ಭಾನುವಾರ ಎರಡರಿಂದ ಒಂದಕ್ಕೆ ಮರಳುತ್ತದೆ. ಇದೇ ಡೇಲೈಟ್ ಸೇವಿಂಗ್ ಟೈಮ್. ಅಷ್ಟು ದೊಡ್ಡ ದೇಶ ಒಂದೇ ಗಳಿಗೆಯಲ್ಲಿ ಬದಲಾಗುವುದೂ ಇಲ್ಲ. ಪ್ರತಿ ಕಾಲವಲಯದಲ್ಲೂ ಅಲ್ಲಿಯ ಎರಡು ಗಂಟೆ ಹೊಡೆದ ಮೇಲಷ್ಟೇ ಬದಲಾವಣೆ. ಹಾಗಾಗಿ ಅದು ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ಗಂಟೆಗೊಂದು ವಲಯದಂತೆ ಸಾಗುತ್ತದೆ. ಹವಾಯಿ ಈ ಗೋಜಿಗೇ ಹೋಗುವುದಿಲ್ಲ, ಅರಿಜೋನಾದ ಬಹುಭಾಗವೂ ಅಷ್ಟೆ. ಯುರೋಪಿನದು ಬೇರೆಯೇ ಲೆಕ್ಕ: ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ, ಇದನ್ನು ಪಾಲಿಸುವ ದೇಶಗಳೆಲ್ಲ ಒಟ್ಟಿಗೆ. 2026ರಲ್ಲಿ ಅಮೆರಿಕ ಮಾರ್ಚ್ 8ಕ್ಕೆ ಬದಲಾದರೆ ಯುರೋಪ್ ಮಾರ್ಚ್ 29ಕ್ಕೆ. ನಡುವಿನ ಮೂರು ವಾರ ನ್ಯೂಯಾರ್ಕ್–ಲಂಡನ್ ಅಂತರ ಐದು ಗಂಟೆಯ ಬದಲು ನಾಲ್ಕೇ ಗಂಟೆ. ಆ ಎರಡು ಊರುಗಳನ್ನೂ ಬೆಂಗಳೂರನ್ನೂ ಒಂದೇ ಕಾಲ್‌ನಲ್ಲಿ ಕೂರಿಸಬೇಕಾದವರಿಗೆ ಆ ಮೂರು ವಾರ ತಲೆನೋವು.

ಇಲ್ಲೊಂದು ಸೂಕ್ಷ್ಮವಿದೆ. ಪ್ರತಿವಾರದ ಮೀಟಿಂಗನ್ನು ಕ್ಯಾಲೆಂಡರಿಗೆ ಹಾಕುವಾಗ ತಂತ್ರಾಂಶ ಗಂಟೆಯ ಜೊತೆಗೆ ಒಂದು ಊರನ್ನೂ ಬರೆದುಕೊಳ್ಳುತ್ತದೆ. ಕರೆದವರು ನ್ಯೂಯಾರ್ಕಿನವರಾದರೆ ಅಲ್ಲಿಯ ಬೆಳಗಿನ ಒಂಬತ್ತು ಸ್ಥಿರ, ಓಡಾಡುವುದು ನಮ್ಮ ಸಂಜೆ. ಕರೆದವರು ಜಯನಗರದವರಾದರೆ ಇಲ್ಲಿಯ ಆರೂವರೆ ಸ್ಥಿರ. ಚಳಿಗಾಲದಲ್ಲಿ ಅವರು ಎಂಟಕ್ಕೇ ಬಂದು ಕೂರಬೇಕು. ಇಂಥ ಬದಲಾವಣೆಗಳ ಇತಿಹಾಸ ಜಗತ್ತಿನ ಬಹುಪಾಲು ಫೋನು, ಕಂಪ್ಯೂಟರುಗಳು ನೆಚ್ಚಿಕೊಂಡಿರುವ ಒಂದು ದತ್ತಾಂಶ ಕೋಶದಲ್ಲಿದೆ. ಅದರಲ್ಲಿ ಬೆಂಗಳೂರಿನ ಹೆಸರಿಲ್ಲ. ನಮ್ಮ ಫೋನುಗಳು ‘ಏಷ್ಯಾ/ಕೋಲ್ಕತಾ’ ಎಂಬ ಸಾಲನ್ನು ಓದಿಕೊಂಡು ಹೊತ್ತು ತೋರಿಸುತ್ತವೆ.

ರಾಹುಕಾಲ ಹೇಳುವ ಲೆಕ್ಕ

ಈ ತಿರುಗಾಟ ಅಲ್ಲಿ ಏಕೆ ಬೇಕಾಯಿತು, ನಮಗೆ ಏಕೆ ಬೇಡ? ಗೋಡೆಯ ಕ್ಯಾಲೆಂಡರಿನಲ್ಲೇ ಉತ್ತರವಿದೆ. ನಂಬುವುದು ಬಿಡುವುದು ಬೇರೆ ಮಾತು, ರಾಹುಕಾಲದ ಲೆಕ್ಕ ಮಾತ್ರ ಶುದ್ಧ ಹಗಲಿನ ಲೆಕ್ಕ: ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಭಾಗ ಮಾಡಿ, ವಾರದ ಒಂದೊಂದು ದಿನಕ್ಕೆ ಒಂದೊಂದು ಭಾಗ. ಭಾನುವಾರದ್ದು ಕೊನೆಯ ಭಾಗ. ಕ್ಯಾಲೆಂಡರಿನಲ್ಲಿ ವರ್ಷವಿಡೀ ‘4.30ರಿಂದ 6’ ಎಂದೇ ಅಚ್ಚಾಗಿರುತ್ತದೆ. ಬೆಂಗಳೂರಿನಲ್ಲಿ ಹಾಗೆ ಬರೆದರೆ ದೊಡ್ಡ ತಪ್ಪಾಗುವುದಿಲ್ಲ. ಡಿಸೆಂಬರ್ 21ರ ಸುಮಾರಿಗೆ ಲೆಕ್ಕ ಹಾಕಿದರೆ 4.33ರಿಂದ 5.58 ಬರುತ್ತದೆ, ಜೂನ್ 21ಕ್ಕೆ 5.11ರಿಂದ 6.48. ಅದೇ ಲೆಕ್ಕವನ್ನು ನ್ಯೂಯಾರ್ಕಿನ ಕನ್ನಡ ಕುಟುಂಬಕ್ಕೆ ಮಾಡಿಕೊಡಿ: ಡಿಸೆಂಬರಿನಲ್ಲಿ ಮಧ್ಯಾಹ್ನ ಸುಮಾರು 3.23ರಿಂದ 4.32, ಜೂನಿನಲ್ಲಿ ಸಂಜೆ 6.38ರಿಂದ 8.31! ಅಲ್ಲಿಯವರಿಗೆ ಊರಿನ ಕ್ಯಾಲೆಂಡರ್ ಕೆಲಸಕ್ಕೆ ಬಾರದು.

ಕಾರಣ ಅಕ್ಷಾಂಶ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಸಮಭಾಜಕದಿಂದ ದೂರ ಹೋದಷ್ಟೂ ಆ ವಾಲಿಕೆ ಹಗಲನ್ನು ಹೆಚ್ಚು ಹಿಗ್ಗಿಸಿ ಕುಗ್ಗಿಸುತ್ತದೆ. ಸುಮಾರು 13 ಡಿಗ್ರಿಯಲ್ಲಿರುವ ಬೆಂಗಳೂರಿನ ಅತಿ ಉದ್ದದ ಹಗಲು 12 ಗಂಟೆ 53 ನಿಮಿಷ, ಅತಿ ಚಿಕ್ಕದು 11 ಗಂಟೆ 22 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆ. ನ್ಯೂಯಾರ್ಕಿನಲ್ಲಿ ಅದು ಆರು ಗಂಟೆಗೆ ಹತ್ತಿರ. ಮುಳ್ಳು ತಿರುಗಿಸದಿದ್ದರೆ ಜೂನಿನಲ್ಲಿ ಅಲ್ಲಿ ನಾಲ್ಕೂವರೆಗೆ ಮೊದಲೇ ಸೂರ್ಯ ಹುಟ್ಟಿ, ಊರು ಮಲಗಿರುವಾಗಲೇ ಬೆಳಕು ಸುರಿದುಹೋಗುತ್ತದೆ. ಅದನ್ನು ಸಂಜೆಗೆ ಎಳೆದುಕೊಳ್ಳುವುದೇ ಉಪಾಯ.

ನಮ್ಮಲ್ಲಿ ಋತು ಎದ್ದು ಕಾಣುವುದು ಹಗಲಿನ ಉದ್ದಕ್ಕಿಂತ ಸೂರ್ಯ ಮುಳುಗುವ ದಿಕ್ಕಿನಲ್ಲಿ. ಬಸವನಗುಡಿಗೆ ಹತ್ತಿರದ ಗವಿಪುರದ ಗವಿಗಂಗಾಧರೇಶ್ವರ ದೇವಾಲಯದಲ್ಲಿ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವೆ ಹಾಯ್ದ ಬಿಸಿಲು ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ ಸೇರುತ್ತಾರೆ. ದಕ್ಷಿಣದ ತುದಿ ಮುಟ್ಟಿ ಮರಳುವ ಸೂರ್ಯ ಅದೇ ಜಾಗದಲ್ಲಿ ಇಳಿಯುವುದು ವರ್ಷಕ್ಕೆ ಎರಡು ಸಲ. ಹಾಗಾಗಿ ನವೆಂಬರ್ ಕೊನೆಯಲ್ಲೂ ಬಿಸಿಲು ಒಳಗೆ ಬರುತ್ತದೆ, ಆಗ ನೋಡುವವರು ಕಡಿಮೆ.

ಇನ್ನೊಂದು ಮಾತು. ಜನವರಿ ಕೊನೆಯಲ್ಲಿ ಬನಶಂಕರಿಯ ವಾಕಿಂಗ್ ಮಂದಿ ‘ಇನ್ನೂ ಬೆಳಕೇ ಹರಿದಿಲ್ಲವಲ್ಲ’ ಎನ್ನುವುದು ಸುಳ್ಳಲ್ಲ. ಅತಿ ಚಿಕ್ಕ ಹಗಲು ಡಿಸೆಂಬರಿನಲ್ಲಿ ಕಳೆದಿದ್ದರೂ ಅತಿ ತಡವಾದ ಸೂರ್ಯೋದಯ, ಸುಮಾರು 6.46, ಬರುವುದು ಆಗಲೇ. ಭೂಮಿಯ ಕಕ್ಷೆ ದೀರ್ಘವೃತ್ತವಾಗಿರುವುದು ಮತ್ತು ಅಕ್ಷ ವಾಲಿರುವುದು ಸೇರಿ, ಸೂರ್ಯ ನೆತ್ತಿಗೆ ಬರುವ ಹೊತ್ತು ನವೆಂಬರ್ ಆರಂಭಕ್ಕೂ ಫೆಬ್ರವರಿ ಮಧ್ಯಕ್ಕೂ ನಡುವೆ ಅರ್ಧ ಗಂಟೆಯಷ್ಟು ತಡವಾಗುತ್ತ ಹೋಗುತ್ತದೆ. ಹಗಲು ಹೆಚ್ಚು ಬದಲಾಗದ ನಮ್ಮಂಥ ಊರಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಹುಳು ಹಿಡಿಯುವವನ ಆಸೆ, ಯುದ್ಧದ ಆಜ್ಞೆ

ಗಡಿಯಾರ ತಿರುಗಿಸೋಣ ಎಂದು 1895ರಲ್ಲಿ ಮೊದಲು ವಾದಿಸಿದವರು ನ್ಯೂಜಿಲೆಂಡಿನ ಕೀಟತಜ್ಞ ಜಾರ್ಜ್ ಹಡ್ಸನ್. ಕೆಲಸ ಮುಗಿಸಿ ಬಂದ ಮೇಲೆ ಹುಳು ಹಿಡಿಯಲು ಅವರಿಗೆ ಬೆಳಕು ಬೇಕಿತ್ತು. 1907ರಲ್ಲಿ ಇಂಗ್ಲೆಂಡಿನ ಕಟ್ಟಡ ನಿರ್ಮಾಪಕ ವಿಲಿಯಂ ವಿಲೆಟ್ ಇದಕ್ಕಾಗಿ ಕರಪತ್ರ ಹೊರಡಿಸಿದರು. ಸರ್ಕಾರಗಳು ಕಿವಿಗೊಟ್ಟದ್ದು ಯುದ್ಧ ಬಂದು ಕಲ್ಲಿದ್ದಲು ಉಳಿಸಬೇಕಾದಾಗ: 1916ರಲ್ಲಿ ಜರ್ಮನಿ, 1918ರಲ್ಲಿ ಅಮೆರಿಕ. ಭಾರತವೂ ಇದರ ರುಚಿ ಕಂಡಿದೆ. ಎರಡನೇ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ದೇಶದ ಗಡಿಯಾರ ಒಂದು ಗಂಟೆ ಮುಂದಿತ್ತು. ಆ ಲೆಕ್ಕದಲ್ಲಿ ಜನವರಿಯ ಬೆಂಗಳೂರಿನಲ್ಲಿ ಸೂರ್ಯ ಕಾಣಬೇಕಾದರೆ ಏಳೂಮುಕ್ಕಾಲು.

ಉಳಿತಾಯದ ಮಾತು ಈಗ ಅಷ್ಟು ಗಟ್ಟಿಯಾಗಿಲ್ಲ. ಅಮೆರಿಕದ ಇಂಡಿಯಾನಾ ರಾಜ್ಯ 2006ರಲ್ಲಿ ಪೂರ್ತಿಯಾಗಿ ಈ ಪದ್ಧತಿಗೆ ಬಂದಾಗ ಅರ್ಥಶಾಸ್ತ್ರಜ್ಞರು ಮನೆಗಳ ಕರೆಂಟ್ ಬಿಲ್ ಹೋಲಿಸಿದರು. ಬಳಕೆ ಸುಮಾರು ಶೇ 1ರಷ್ಟು ಹೆಚ್ಚಿತ್ತು. ಸಂಜೆಯ ದೀಪ ಉಳಿದರೂ ಏಸಿ, ಹೀಟರ್ ಅದನ್ನು ನುಂಗಿದ್ದವು. ದೇಹಕ್ಕೂ ಇದು ಒಗ್ಗದು. ಮಿದುಳಿನಲ್ಲಿರುವ ಜೈವಿಕ ಗಡಿಯಾರ ಹೊಂದಿಕೊಳ್ಳುವುದು ಬೆಳಗಿನ ಬೆಳಕಿಗೆ, ಸರ್ಕಾರದ ಆದೇಶಕ್ಕಲ್ಲ. ವಸಂತದ ಬದಲಾವಣೆಯ ನಂತರದ ವಾರ ಹೃದಯಾಘಾತಗಳು ಸುಮಾರು ಶೇ 5ರಷ್ಟು ಹೆಚ್ಚುತ್ತವೆಂದು 2008ರಲ್ಲಿ ಸ್ವೀಡನ್ನಿನ ಅಧ್ಯಯನವೊಂದು ತೋರಿಸಿತು.

ಬೆಂಗಳೂರಿಗೆ ಇದು ತಿರುವುಮುರುವು. ಅಮೆರಿಕಕ್ಕೆ ಒಂದು ಗಂಟೆ ನಿದ್ದೆ ನಷ್ಟವಾಗುವುದು ಮಾರ್ಚಿನಲ್ಲಿ. ನವೆಂಬರಿನಲ್ಲಿ ಅದು ಮರಳಿ ಸಿಗುತ್ತದೆ. ನಮ್ಮ ಸಂಜೆ ಪಾಳಿಯವರಿಗೆ ಏಟು ಬೀಳುವುದು ನವೆಂಬರಿನಲ್ಲಿ, ಅದೂ ಒಂದು ರಾತ್ರಿಗಲ್ಲ, ನಾಲ್ಕು ತಿಂಗಳಿಗೆ. ಮಲಗುವುದು ಒಂದು ಗಂಟೆ ತಡವಾದರೂ ಮಗುವಿನ ಸ್ಕೂಲ್ ವ್ಯಾನ್ ಅಮೆರಿಕದ ಮಾತು ಕೇಳುವುದಿಲ್ಲ.

ನಮ್ಮ ತಕರಾರು ಬೇರೆ

ಹಾಗಂತ ಭಾರತದ ಗಡಿಯಾರದಲ್ಲಿ ಸಮಸ್ಯೆಯೇ ಇಲ್ಲವೆನ್ನುವಂತಿಲ್ಲ. ಅಮೆರಿಕದ ಮುಖ್ಯಭೂಮಿಗೆ ನಾಲ್ಕು ಕಾಲವಲಯಗಳಿವೆ, ನಮಗೆ ಒಂದೇ. 1906ರಿಂದ ಅದು 82.5 ಡಿಗ್ರಿ ರೇಖಾಂಶಕ್ಕೆ ಕಟ್ಟಿಕೊಂಡಿದೆ. ಬೆಂಗಳೂರು ಆ ರೇಖೆಗೆ ಪಶ್ಚಿಮದಲ್ಲಿರುವುದರಿಂದ ನಮ್ಮ ಸೂರ್ಯ ಗಡಿಯಾರಕ್ಕಿಂತ ಸರಾಸರಿ 20 ನಿಮಿಷ ಹಿಂದೆ. ದೇಶದ ಎರಡು ತುದಿಗಳ ನಡುವಣ ಸೌರ ಅಂತರ ಎರಡು ಗಂಟೆಗೆ ಹತ್ತಿರ. ಅಸ್ಸಾಮಿನ ದಿಬ್ರುಗಢದಲ್ಲಿ ಜೂನ್ ಸೂರ್ಯ ಬೆಳಗಿನ ನಾಲ್ಕೂಕಾಲಿಗೆ ಹುಟ್ಟಿದರೆ ಡಿಸೆಂಬರ್ ಸೂರ್ಯ ಸಂಜೆ ನಾಲ್ಕೂ ಇಪ್ಪತ್ತಕ್ಕೇ ಮುಳುಗುತ್ತಾನೆ. ಅಲ್ಲಿಯ ಚಹಾ ತೋಟಗಳು ಬಹುಕಾಲದಿಂದ ಒಂದು ಗಂಟೆ ಮುಂದಿರುವ ತಮ್ಮದೇ ‘ಬಾಗಾನ್ ಟೈಮ್’ ಇಟ್ಟುಕೊಂಡಿವೆ. 2018ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು ಈಶಾನ್ಯಕ್ಕೆ ಪ್ರತ್ಯೇಕ ವಲಯ ಸೂಚಿಸಿದರು.

ಬೆಂಗಳೂರಿನಿಂದ ಹೊರಟ ಸಲಹೆ ಇನ್ನೊಂದು ಬಗೆಯದು. ಇಲ್ಲಿಯ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಡಿ.ಪಿ. ಸೇನ್‌ಗುಪ್ತ ಮತ್ತು ದಿಲೀಪ್ ಅಹುಜ 2007ರಿಂದ ಹೇಳುತ್ತ ಬಂದದ್ದು: ಎರಡು ವಲಯ ಬೇಡ, ವರ್ಷಕ್ಕೆರಡು ಸಲ ತಿರುಗಿಸುವುದೂ ಬೇಡ, ಒಂದೇ ಸಲ, ಶಾಶ್ವತವಾಗಿ, ಅರ್ಧ ಗಂಟೆ ಮುಂದಿಡಿ. ಸಂಜೆ ಮನೆಮನೆಯಲ್ಲೂ ಒಟ್ಟಿಗೆ ದೀಪ ಹೊತ್ತಿದಾಗ ಏರುವ ಬೇಡಿಕೆ ಇಳಿದು ವರ್ಷಕ್ಕೆ 200 ಕೋಟಿ ಯೂನಿಟ್‌ಗೂ ಹೆಚ್ಚು ಉಳಿಯುತ್ತದೆ ಎಂಬುದು ಅವರ ಲೆಕ್ಕ. ಎರಡು ವಲಯಗಳ ಗಡಿಯಲ್ಲಿ ರೈಲುಗಳಿಗೆ ಗೊಂದಲವೂ ಇರುವುದಿಲ್ಲ.

ನೆರೆಯವರ ಅನುಭವ ಎಚ್ಚರಿಕೆ ಹೇಳುತ್ತದೆ. ಶ್ರೀಲಂಕಾ 1996ರಲ್ಲಿ ಗಡಿಯಾರ ಮುಂದಿಟ್ಟು, 2006ರಲ್ಲಿ ಭಾರತದ ಸಮಯಕ್ಕೇ ಮರಳಿತು. ಬಾಂಗ್ಲಾದೇಶ 2009ರ ಜೂನಿನಲ್ಲಿ ಬೇಸಿಗೆ ಸಮಯ ತಂದು ವರ್ಷದ ಕೊನೆಗೇ ಕೈಬಿಟ್ಟಿತು. ನಮ್ಮಲ್ಲಿಯೂ ಅರ್ಧ ಗಂಟೆ ಸರಿದರೆ ಜನವರಿ ಮಧ್ಯದಲ್ಲಿ ಗುಜರಾತಿನ ದ್ವಾರಕೆಯ ಸೂರ್ಯೋದಯ ಎಂಟು ದಾಟುತ್ತದೆ. 2015ರಲ್ಲಿ ಶುರುವಾದ ಉಜಾಲಾ ಯೋಜನೆಯ ಎಲ್‌ಇಡಿ ಬಲ್ಬುಗಳು ಮನೆ ಸೇರಿದ ಮೇಲೆ ಸಂಜೆ ದೀಪದ ಉಳಿತಾಯವೂ ಮೊದಲಿನಷ್ಟಿರದು. ಆದ್ದರಿಂದ ಆ ಹಳೆಯ ಲೆಕ್ಕವನ್ನು ಇಂದಿನ ಬಲ್ಬು, ಇಂದಿನ ಏಸಿ ಇಟ್ಟುಕೊಂಡು ಮತ್ತೆ ಹಾಕಬೇಕು. ಋತುವಿಗೊಮ್ಮೆ ಮುಳ್ಳು ತಿರುಗಿಸುವುದು ದೂರದ ಅಕ್ಷಾಂಶಗಳ ಮದ್ದು. ನಮ್ಮ ಕಾಯಿಲೆ ರೇಖಾಂಶದ್ದು. ಅದಕ್ಕೆ ಮದ್ದು ಬೇಕೋ ಬೇಡವೋ ಎಂಬುದನ್ನು ದಿಬ್ರುಗಢದ ಸಂಜೆಯನ್ನೂ ದ್ವಾರಕೆಯ ಬೆಳಗನ್ನೂ ಒಟ್ಟಿಗೆ ತೂಗಿ ತೀರ್ಮಾನಿಸಬೇಕು.