ಹೊಸ್ತಿಲು ದಾಟದ ಭೇಟಿ

ದಲಿತ ವಿಮರ್ಶೆ ಅಂದ ಕೂಡಲೆ ನಾವು ಕತೆ, ಕವಿತೆ, ಆತ್ಮಕತೆಗಳನ್ನೇ ಕೈಗೆತ್ತಿಕೊಳ್ಳುತ್ತೇವೆ. ಆದರೆ ಸರ್ಕಾರದ ಕಡತವೂ ಒಂದು ಪಠ್ಯವೇ. ಅದರ ಸಪ್ಪೆ ಮಾತುಗಳೊಳಗೂ ಊರು–ಕೇರಿಯ ಗೆರೆ ಅಡಗಿ ಕೂತಿರುತ್ತದೆ. ಅಂಥ ಒಂದು ಮಾತು ‘ಮನೆಭೇಟಿ’.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂಗನವಾಡಿ ಅಂದರೆ ನಮ್ಮ ಕಣ್ಣಿಗೆ ಬರುವುದು ಮೂರರಿಂದ ಆರು ವರ್ಷದ ಮಕ್ಕಳು, ಅವರ ಹಾಡು, ಊಟ. ಮೂರು ತುಂಬದ ಕೂಸು ದಿನವೂ ಅಲ್ಲಿಗೆ ಬರುವುದಿಲ್ಲ. ಮಿದುಳು ಅತಿ ವೇಗವಾಗಿ ಬೆಳೆಯುವುದು ಆ ವಯಸ್ಸಿನಲ್ಲೇ. ಹಾಗಾಗಿ ಆ ಕೂಸಿನ ಪಾಲಿಗೆ ಪ್ರಭುತ್ವವೆಂದರೆ ಮನೆಗೆ ಬರುವ ಒಬ್ಬ ಹೆಂಗಸು: ಅಂಗನವಾಡಿ ಕಾರ್ಯಕರ್ತೆ, ಇಲ್ಲವೆ ಆಶಾ. ಮಗುವಿನ 3, 6, 9, 12, 15ನೇ ತಿಂಗಳಲ್ಲಿ ಆಶಾ ಮನೆಗೆ ಹೋಗಬೇಕೆಂಬ ಕಾರ್ಯಕ್ರಮ 2018ರಲ್ಲಿ ಬಂತು.

ಬಂದರೆ ಏನಾಗುತ್ತದೆ? ಜಮೈಕಾದ ಕಿಂಗ್‌ಸ್ಟನ್‌ನ ಬಡವರ ಬಡಾವಣೆಗಳಲ್ಲಿ 1986–87ರಲ್ಲಿ, ಬೆಳವಣಿಗೆ ಕುಂಠಿತವಾದ 129 ಮಕ್ಕಳ ಮೇಲೆ ಒಂದು ಅಧ್ಯಯನ ಶುರುವಾಯಿತು. ಅವರಲ್ಲಿ ಅರ್ಧದಷ್ಟು ಮಕ್ಕಳ ಮನೆಗೆ ಆರೋಗ್ಯ ಸಹಾಯಕಿಯರು ಎರಡು ವರ್ಷ, ವಾರಕ್ಕೊಮ್ಮೆ ಹೋದರು. ಒಂದು ಗಂಟೆ ಕೂತು, ಕೈಯಲ್ಲೇ ಮಾಡಿದ ಆಟಿಕೆಗಳಿಂದ ಮಗುವನ್ನು ಆಡಿಸುವುದನ್ನು ತಾಯಿಗೆ ತೋರಿಸಿದರು. ಇಪ್ಪತ್ತು ವರ್ಷದ ಮೇಲೆ ಈ ಮಕ್ಕಳ ಗಳಿಕೆ, ಭೇಟಿ ಸಿಗದವರಿಗಿಂತ ಸುಮಾರು ಶೇ. 25ರಷ್ಟು ಹೆಚ್ಚಿತ್ತು ಎಂದು 2014ರಲ್ಲಿ ಪ್ರಕಟವಾಯಿತು. ಇಲ್ಲಿ ಕೆಲಸ ಮಾಡಿದ್ದು ಬಂದದ್ದಲ್ಲ, ಕೂತದ್ದು.

ಈಗ ನಾನು ಪಾಠ ಮಾಡುವ ಹೊನ್ನಾಳಿಗೆ ಬರೋಣ. ಭದ್ರಾ ನಾಲೆಯ ಗದ್ದೆ ಸೀಮೆ ಇದು. ನಾಟಿ, ಕಳೆಯ ಕಾಲದಲ್ಲಿ ಕೇರಿಯ ತಾಯಂದಿರು ಬೆಳಿಗ್ಗೆಯೇ ಕೂಲಿಗೆ ಹೊರಟಿರುತ್ತಾರೆ. ಭೇಟಿಯ ಹೊತ್ತಿಗೆ ಮನೆಯಲ್ಲಿರುವುದು ಅಜ್ಜಿ, ಇಲ್ಲವೆ ಸಣ್ಣ ಅಕ್ಕ. ನನ್ನ ವಿದ್ಯಾರ್ಥಿನಿಯರಲ್ಲಿ ಕಾರ್ಯಕರ್ತೆಯರ ಮಕ್ಕಳೂ ಇದ್ದಾರೆ, ಕೇರಿಯ ಮಕ್ಕಳೂ ಇದ್ದಾರೆ. ಊರಿನಿಂದ ಬಂದವಳು ‘ಹೆಂಗೈತೆ ಕೂಸು?’ ಅಂತ ಬೀದಿಯಿಂದಲೇ ಕೇಳಿ ಹೋಗುವುದುಂಟು ಅಂತಾರೆ. ಕಾರ್ಯಕರ್ತೆ ಕೇರಿಯವಳೇ ಆದರೆ ಊರಿನ ಮನೆಗಳ ಅಂಗಳದಲ್ಲಿ ಅವಳೇ ನಿಲ್ಲಬೇಕು. ಎರಡೂ ಕಡೆ ಪುಸ್ತಕದಲ್ಲಿ ಬೀಳುವುದು ಒಂದೇ ಗುರುತು: ಭೇಟಿ ಆಯಿತು. 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂದ ಮೇಲೆ ಆ ಗುರುತು ಮೊಬೈಲಿಗೆ ಹೋಯಿತು, ಅಷ್ಟೆ.

2017ರ ‘ಮಾತೃಪೂರ್ಣ’ ಇದನ್ನೇ ತಿರುಗಿಸಿತು. ಗರ್ಭಿಣಿ, ಬಾಣಂತಿಯರು ಮಧ್ಯಾಹ್ನದ ಊಟಕ್ಕೆ ಕೇಂದ್ರಕ್ಕೇ ಬರಬೇಕು. ಕೇಂದ್ರ ಯಾರ ಬೀದಿಯಲ್ಲಿದೆ? ಅರ್ಧ ದಿನದ ಕೂಲಿ ಯಾರು ಕೊಡುತ್ತಾರೆ? ಪರಿಶಿಷ್ಟರ ಕೇರಿ, ಹಾಡಿಗಳಿಗೆ ಅಂಗನವಾಡಿ ಕೊಡುವಾಗ ಆದ್ಯತೆ ಇರಲಿ ಎಂದು ಸುಪ್ರೀಂ ಕೋರ್ಟು 2006ರ ಡಿಸೆಂಬರ್ 13ರಂದೇ ಹೇಳಿತ್ತು. ಆದರೆ ಕಟ್ಟಡವನ್ನು ಆದೇಶದಿಂದ ಕೇರಿಗೆ ತರಬಹುದು. ಮೈಲಿಗೆಯ ಮನಸ್ಸನ್ನು ಹೊಸ್ತಿಲು ದಾಟಿಸಲಾಗದು.

ಇದು ಕಾರ್ಯಕರ್ತೆಯನ್ನು ಬೈಯುವ ಮಾತಲ್ಲ. ಅವಳಿಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಗ್ರಾಚ್ಯುಟಿ ಅವಳ ಹಕ್ಕು ಎಂದು ಕೋರ್ಟು ಒಪ್ಪಿದ್ದೇ 2022ರಲ್ಲಿ. ಒಂದು ಗಂಟೆ ಕೂರು ಅನ್ನುವವರು ಆ ಗಂಟೆಯ ಕೂಲಿಯನ್ನೂ ಕೊಡಬೇಕು. ತಾಯಿ ಮನೆಯಲ್ಲಿರುವ ಸಂಜೆಯ ಹೊತ್ತನ್ನು ಭೇಟಿಗೆ ಇಡಬೇಕು.

ಸಂಘಟನೆಯ ಗೆಳೆಯರು ಗ್ರಾಮಸಭೆಯಲ್ಲಿ ‘ಎಷ್ಟು ಭೇಟಿ ಆಯ್ತು?’ ಅಂತ ಕೇಳುವುದನ್ನು ಬಿಡಬೇಕು. ಒಳಗೆ ಬಂದಳಾ, ಕೂತಳಾ, ಕೂಸನ್ನು ಎತ್ತಿಕೊಂಡಳಾ, ನೀರು ಕುಡಿದಳಾ ಅಂತ ಕೇಳಬೇಕು.